ಅಧ್ಯಕ್ಷರ ಟ್ರೈಲರು

ದೇವಲಾಪುರದ ಪಕ್ಕದ ಹಳ್ಳಿಯ ಹಾಲಿನ ಸಂಘಕ್ಕೆ ರಘುನಂದನ್ ಅಧ್ಯಕ್ಷನಾದಾಗ ಅವನಿಗೆ ಹಸು ಕರೆಯಲು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ಹಾಗಂತ ಯಾರೂ ಅವನನ್ನು ಆಡಿಕೊಂಡವರಲ್ಲ. ಸಂಘದ ಲೆಕ್ಕದಲ್ಲಿ ಹಾಲು ಹಾಕುವವನು ಅವನು. ಕೊಟ್ಟಿಗೆ ಬಾಚಿ, ಹಸುವಿನ ಮೈ ತೊಳೆದು, ಕರೆದು, ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಡೈರಿಗೆ ನಡೆಯುವವಳು ಅವನ ತಾಯಿ ಬೆಟ್ಟಮ್ಮ. ನಮ್ಮ ಕಡೆ ಬೇಕಾದಷ್ಟು ಮನೆಗಳಲ್ಲಿ ಏರ್ಪಾಡು ಇದೇ ಆದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಮನೆಯಲ್ಲಿ ಆಗ ಹಾಲು ಕೊಡುತ್ತಿದ್ದದ್ದು ಒಂದೇ ಹಸು. ಕಪ್ಪು ಬಿಳುಪಿನ ದೊಡ್ಡ ಮೈ, ಹಣೆಯ ಮೇಲೆ ಬೊಟ್ಟಿನಷ್ಟು ಬಿಳಿ; ಹೆಸರು ಚುಕ್ಕಿ. ಕರುವಾಗಿದ್ದಾಗ ಭೇದಿ ಹತ್ತಿ, ಇದು ಬದುಕಲ್ಲ ಎಂದು ಡಾಕ್ಟರೇ ಕೈಬಿಟ್ಟಿದ್ದರು. ಬೆಟ್ಟಮ್ಮ ಮಡಿಲಲ್ಲಿ ಮಲಗಿಸಿಕೊಂಡು ಗಂಜಿ ಕುಡಿಸಿ ಉಳಿಸಿಕೊಂಡಳು. ದೊಡ್ಡದಾಗಿ ಕರು ಹಾಕಿದ ಮೇಲೆ ಆ ಹಸು ಊರೇ ಬಂದು ನೋಡುವಷ್ಟು ಹಾಲು ಕೊಟ್ಟಿತು. ಬೇರೆ ಯಾರು ಕೂತರೂ ಹಾಲು ಇಳಿಸುತ್ತಿರಲಿಲ್ಲ. ಬೆಟ್ಟಮ್ಮನ ಕೈಯೇ ಆಗಬೇಕು.

ಪಾಂಡವಪುರದಲ್ಲಿ ಹಾಲು ಕರೆಯುವ ಸ್ಪರ್ಧೆ ಇಟ್ಟುಕೊಂಡಿದ್ದಾರೆಂಬ ಸುದ್ದಿ ಬಂದಾಗ ರಘುನಂದನ್ ಚುಕ್ಕಿಯ ಹೆಸರು ಬರೆಸಿದ. ಹಸುಗಳನ್ನು ಎಲ್ಲರೂ ಗೂಡ್ಸ್ ಆಟೊದಲ್ಲೋ, ಟ್ರಾಕ್ಟರಿನಲ್ಲೋ ತರುತ್ತಾರೆ. ಅವನಿಗೆ ಅದು ಒಗ್ಗಲಿಲ್ಲ. ಅಧ್ಯಕ್ಷನ ಹಸು ಬಾಡಿಗೆ ಗಾಡಿಯಲ್ಲಿ ಬಂದಿಳಿದರೆ ಜನ ಏನಂದುಕೊಂಡಾರು? ಬಾಗಿಲಲ್ಲಿ ಹೊಸ ಕಾರು ನಿಂತಿತ್ತು, ಎತ್ತರದ್ದು, ಬೆಳ್ಳಗಿನದು. ಅದರ ಸೀಟಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ಹಿಂದಿನ ಗಾಜಿಗೆ ಪೂರ್ತಿ ಅವನದೇ ಫೋಟೊ ಅಂಟಿಸಿತ್ತು: ಕೈ ಮುಗಿದಿರುವ ಭಂಗಿ, ಕೆಳಗೆ ಹುದ್ದೆ. ಒಳಗೆ ಕೂತು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರೆ ರಸ್ತೆ ಕಾಣುತ್ತಿರಲಿಲ್ಲ, ಅವನ ಫೋಟೊದ ಬೆನ್ನು ಕಾಣುತ್ತಿತ್ತು. ಈ ಕಾರಿಗೇ ಒಂದು ಟ್ರೈಲರು ಕಟ್ಟಿ, ಅದರಲ್ಲಿ ಹಸುವನ್ನು ಎಳೆದುಕೊಂಡು ಹೋಗುವುದೆಂದು ಅವನು ನಿಶ್ಚಯಿಸಿದ. ವಿದೇಶದಲ್ಲಿ ಕುದುರೆಗಳನ್ನು ಹಾಗೇ ಒಯ್ಯುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದ.

ನಾಗಮಂಗಲದ ಕೆಂಪಣ್ಣನ ವೆಲ್ಡಿಂಗ್ ಅಂಗಡಿಯಲ್ಲಿ ಗೇಟು, ಕಿಟಕಿ, ಟ್ರಾಕ್ಟರಿನ ಟ್ರೈಲರು ಮಾಡುತ್ತಿದ್ದರು. ಕಾರಿನದು ಅವನಿಗೂ ಹೊಸದು. ಹೊಸದು ಎಂದು ಒಪ್ಪಿಕೊಳ್ಳುವ ಸ್ವಭಾವ ಮಾತ್ರ ಅವನದಲ್ಲ. ಇಬ್ಬರೂ ಅಂಗಡಿಯ ಮುಂದೆ ಕೂತು ಆ ವಿಡಿಯೊ ನೋಡಿದರು. ಅದರಲ್ಲಿದ್ದ ವಿದೇಶಿಯವನು ಟ್ರೈಲರಿನ ಸುತ್ತ ಓಡಾಡುತ್ತ, ಅಲ್ಲಲ್ಲಿ ತಟ್ಟಿ ತೋರಿಸುತ್ತ ತುಂಬ ಮಾತಾಡುತ್ತಿದ್ದ. ಮಾತು ಉದ್ದವಾಯಿತೆಂದು ರಘುನಂದನ್ ಬೆರಳಲ್ಲಿ ಮುಂದಕ್ಕೆ ಓಡಿಸಿ, ಗಾಡಿ ಹೊರಡುವ ಜಾಗಕ್ಕೆ ತಂದ. ತಿಳಿಯಬೇಕಾದದ್ದೆಲ್ಲ ಆ ಓಡಿಸಿದ ಭಾಗದಲ್ಲಿತ್ತು.

ಕಾರಿನ ಹಿಂದೆ ಬಿಗಿಯುವ ಕಬ್ಬಿಣದ ಗುಂಡನ್ನು ರಘುನಂದನ್ ಮೊಬೈಲಿನಲ್ಲೇ ತರಿಸಿದ. ಗುಂಡಿನ ಮೇಲೆ ಕೂರಬೇಕಾದ ಬಟ್ಟಲನ್ನು ಕೆಂಪಣ್ಣ ಕಣ್ಣಳತೆಯಲ್ಲಿ ಮಾಡಿದ. ಕೂರಿಸಿದಾಗ ಅದು ಲೊಟಲೊಟ ಎಂದಿತು. ರಘುನಂದನ್ ಕೇಳಿದ್ದಕ್ಕೆ, ಅಷ್ಟು ಆಟ ಇರಲೇಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಹಿಡಿದುಕೊಳ್ಳುತ್ತದೆ ಎಂದು ಕೆಂಪಣ್ಣ ಗಂಭೀರವಾಗಿ ಹೇಳಿದ. ವಿಡಿಯೊದಲ್ಲಿ ಇದ್ದವೆಂದು ಎರಡು ಸರಪಳಿಯನ್ನೂ ಕೊಟ್ಟಿದ್ದ, ಟ್ರೈಲರನ್ನೂ ಕಾರನ್ನೂ ಸೇರಿಸಿ ಕಟ್ಟಲು. ಅವು ಬಂಪರಿನ ಬಣ್ಣ ಕೆರೆಯುತ್ತವೆಂದು ರಘುನಂದನ್ ಅವನ್ನು ಬಿಚ್ಚಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ. ಟ್ರೈಲರಿನ ಹಿಂದಿನ ದೀಪಕ್ಕೆ ವೈರು ಎಳೆಯುವ ಕೆಲಸವನ್ನು ಆಮೇಲೆ ನೋಡಿಕೊಂಡರಾಯಿತೆಂದು ಬಿಟ್ಟು, ಎರಡು ಬದಿಗೂ ಫ್ಲೆಕ್ಸು ಕಟ್ಟಿಸಿದ. ಅದರಲ್ಲಿ ಹಸುವಿನ ಚಿತ್ರಕ್ಕಿಂತ ಅವನ ಚಿತ್ರ ದೊಡ್ಡದಿತ್ತು. ಮೊಬೈಲ್ ನಂಬರೂ ಇತ್ತು.

ಖಾಲಿ ಟ್ರೈಲರು ಕಟ್ಟಿಕೊಂಡು ಊರು ಸುತ್ತಿದಾಗ ಎಲ್ಲ ಸರಿಯಾಗಿಯೇ ಇತ್ತು. ಹಿಂದಕ್ಕೆ ತೆಗೆಯುವಾಗ ಮಾತ್ರ ಕಾರು ಒಂದು ಕಡೆ ತಿರುಗಿದರೆ ಟ್ರೈಲರು ಇನ್ನೊಂದು ಕಡೆ ತಿರುಗಿ, ಕೊನೆಗೆ ಅವರದೇ ಕಾಂಪೌಂಡಿನ ಎರಡು ಸಾಲು ಇಟ್ಟಿಗೆ ಬಿತ್ತು. ನೋಡುತ್ತ ನಿಂತವರಿಗೆ ಅವನು, ನಾವು ಹಿಂದಕ್ಕೆ ಹೋಗುವ ಪೈಕಿ ಅಲ್ಲ, ಅದನ್ನು ಕಲಿಯುವ ಅಗತ್ಯವೇ ಇಲ್ಲ ಎಂದ.

ಹೊರಡುವ ದಿನ ಬೆಳಿಗ್ಗೆ ಚುಕ್ಕಿಯನ್ನು ಹತ್ತಿಸುವಾಗ ತಾಯಿ ಮಗನಿಗೆ ಮಾತು ಬಂತು. ಹಸುವಿನ ಮುಖ ಹಿಂದಕ್ಕೆ ಇರಬೇಕು ಅನ್ನುವುದು ರಘುನಂದನನ ಹಟ. ಕೊರಳಿಗೆ ಹಾರ, ಕೊಂಬಿಗೆ ಟೇಪು ಕಟ್ಟಿದ್ದು ಸುಮ್ಮನೆ ಅಲ್ಲ. ಹಿಂದೆ ಬರುವ ಗಾಡಿಯವರೆಲ್ಲ ನೋಡಿಕೊಂಡು ಬರಬೇಕು.

"ಹಸ ಓಯ್ತಿರೋ ದಿಕ್ಕು ನೋಡ್ಕಂಡು ನಿಂತ್ಕಬೇಕು ಕಣಪ್ಪ," ಎಂದಳು ಬೆಟ್ಟಮ್ಮ. "ಇಲ್ದಿದ್ರೆ ಬೆದರ್ತದೆ."

ಅವಳ ಮಾತು ನಡೆಯಲಿಲ್ಲ. ಚುಕ್ಕಿಯನ್ನು ಹಿಂದುಮುಂದಾಗಿ ಏರಿಸಿ, ಮುಖ ಚೆನ್ನಾಗಿ ಕಾಣಲೆಂದು ಹಿಂದಿನ ಹಲಗೆಗೆ ಒತ್ತಿ ಕಟ್ಟಿದರು. ರಘುನಂದನನ ಹೆಂಡತಿ ಶ್ವೇತ ನಾಗಮಂಗಲದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಮಕ್ಕಳಿಗೆ ವರ್ಷವರ್ಷವೂ ಸನ್ನೆಕೋಲಿನ ಪಾಠ ಹೇಳುವವಳು. ಹಸು ಹತ್ತಿದೊಡನೆ ಟ್ರೈಲರಿನ ಮೂತಿ ಮೇಲಕ್ಕೆ ಎತ್ತಿ, ಕಾರಿನ ಹಿಂಭಾಗವೂ ಒಂದಿಷ್ಟು ಎದ್ದುದನ್ನು ಅವಳು ಕಂಡಳು. ಭಾರವೆಲ್ಲ ಹಿಂದಕ್ಕೆ ಬಿದ್ದಿದೆ, ಮುಂದಿನ ಬಟ್ಟಲು ಗುಂಡಿನಿಂದ ಕಿತ್ತುಕೊಳ್ಳುತ್ತದೆ, ಹಸುವನ್ನು ಮುಂದಕ್ಕೆ ತನ್ನಿ, ಆ ಸರಪಳಿಯನ್ನಾದರೂ ಹಾಕಿ ಎಂದಳು. ಕಾರು ಎದ್ದಷ್ಟೂ ಒಳ್ಳೆಯದು, ಮೈಲೇಜು ಬರುತ್ತದೆ ಎಂದ ರಘುನಂದನ್. ಶಾಲೆಯ ಪಾಠ ಶಾಲೆಯಲ್ಲಿರಲಿ ಎಂದೂ ಸೇರಿಸಿದ.

ಆಮೇಲೆ ಬೆಟ್ಟಮ್ಮ ಎಲ್ಲಿ ಕೂರುವುದು ಎಂಬ ಪ್ರಶ್ನೆ ಬಂತು. ಮುಂದಿನ ಸೀಟು ಶ್ವೇತಳದು. ಹಿಂದಿನ ಸೀಟಿನಲ್ಲಿ ಅಪ್ಪು ಕೂತಾಗಿತ್ತು. ಅಪ್ಪು ರಘುನಂದನನ ಗೆಳೆಯ. ಸಂಘದಲ್ಲಿ ಯಾವ ಹುದ್ದೆಯೂ ಇಲ್ಲದೆ ಎಲ್ಲ ಸಭೆಗಳಲ್ಲೂ ಮುಂದಿನ ಸಾಲಿನಲ್ಲಿ ಕೂರುವ ಮನುಷ್ಯ. ಅಧ್ಯಕ್ಷರು ಎಲ್ಲಿಗೆ ಹೋದರೂ ಅದನ್ನು ಮೊಬೈಲಿನಲ್ಲಿ ಊರಿಗೆಲ್ಲ ತೋರಿಸುವುದು ಅವನ ಕೆಲಸ. ಅವನ ಪಕ್ಕದಲ್ಲಿ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿ ಹಾರದ ಬುಟ್ಟಿ ಇಟ್ಟಿದ್ದರು. ಬೆಟ್ಟಮ್ಮ ಕೊಟ್ಟಿಗೆಯಿಂದ ನೇರವಾಗಿ ಬಂದಿದ್ದಳು, ಸೆರಗಿನಲ್ಲಿ ಗಂಜಳದ ವಾಸನೆ ಇತ್ತು. ರಘುನಂದನ್ ಅದನ್ನು ಬಾಯಿಬಿಟ್ಟು ಆಡಲಿಲ್ಲ.

"ನೀನು ಜೊತೆಗಿದ್ರೆ ಚುಕ್ಕಿಗೆ ಧೈರ್ಯ ಇರ್ತದೆ ಕಣವ್ವ," ಎಂದ.

ಟ್ರೈಲರಿನಲ್ಲಿ ಜನ ಕೂರಬಾರದು ಎಂದು ಶ್ವೇತ ತಡೆಯಲು ಹೋದಳು. ಬೇಕಾದರೆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದಳು. ಬೆಟ್ಟಮ್ಮನೇ, ಇರಲಿ ಬಿಡವ್ವ ಎಂದು ಸೀರೆ ಎತ್ತಿಕಟ್ಟಿ ಹಸುವಿನ ಪಕ್ಕ ಹತ್ತಿ ನಿಂತಳು. ಮಗ ಕರೆಯದ ಕಾರಿಗೆ ಸೊಸೆಯ ಮಾತಿನ ಮೇಲೆ ಹತ್ತಲು ಅವಳಿಗೆ ಮನಸ್ಸು ಬರಲಿಲ್ಲ.

ಹಾಗೆ ಹೊರಟರು. ನೇರ ದಾರಿ ಬಿಟ್ಟು, ನಾಗಮಂಗಲದ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿ, ಅಲ್ಲಿಂದ ಪಾಂಡವಪುರದ ರಸ್ತೆ ಹಿಡಿದರು. ಪೇಟೆಯಲ್ಲಿ ಜನ ನಿಂತು ನೋಡಿದ್ದು ನಿಜ. ಪೇಟೆ ದಾಟಿ ವೇಗ ಹೆಚ್ಚಿದ ಮೇಲೆ ಟ್ರೈಲರು ಬಾಲ ಅಲ್ಲಾಡಿಸಿದಂತೆ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಬೆಟ್ಟಮ್ಮ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಹಸುವಿನ ಕೊರಳು ಹಿಡಿದು, ಪಕ್ಕದ ಹಲಗೆಯನ್ನು ಕಾಲಿನಿಂದ ಒದ್ದು ಸದ್ದು ಮಾಡಿದಳು. ಕಾರಿನೊಳಗೆ ಹಾಡು ಹಾಕಿದ್ದರು. ಗಾಜು ಏರಿಸಿತ್ತು.

ಅವರ ಹಿಂದೆ ಚಿಕ್ಕಸ್ವಾಮಿ ಎಂಬ ಕೆ.ಆರ್.ಪೇಟೆಯವನು ಖಾಲಿ ಗೂಡ್ಸ್ ಗಾಡಿ ಓಡಿಸಿಕೊಂಡು ಬರುತ್ತಿದ್ದ. ನಾಗಮಂಗಲದಲ್ಲಿ ತೆಂಗಿನಕಾಯಿ ಇಳಿಸಿ, ಜಕ್ಕನಹಳ್ಳಿ ಕಡೆ ಹುಲ್ಲು ತುಂಬಿಕೊಳ್ಳುವವನಿದ್ದ. ಹಾರ ಹಾಕಿಕೊಂಡ ಹಸು ತನ್ನನ್ನೇ ನೋಡುತ್ತ ಓಲಾಡುತ್ತಿರುವುದು ಮೊದಲು ಅವನಿಗೆ ನಗು ತರಿಸಿತು. ಆಮೇಲೆ ಹಸುವಿನ ಹಿಂದೆ ಒಬ್ಬ ಹೆಂಗಸಿನ ತಲೆ ಕಂಡಿತು. ಅವನು ಹಾರನ್ ಹೊಡೆದ, ದೀಪ ಹಾಕಿ ತೋರಿಸಿದ. ಕಾರಿನ ಹಿಂದಿನ ಗಾಜಿನ ತುಂಬ ಅಧ್ಯಕ್ಷರು ಕೈ ಮುಗಿದುಕೊಂಡೇ ಇದ್ದರು. ಚಿಕ್ಕಸ್ವಾಮಿ ಅಪಾಯ ಬೇಡವೆಂದು ದೂರ ಉಳಿದು ನಿಧಾನವಾಗಿ ಬಂದ.

ಒಂದು ಏರಿನ ಬುಡದಲ್ಲಿ ಬಣ್ಣ ಬಳಿಯದ ಹಂಪು ಇತ್ತು. ಕಾರು ಹಾರಿತು. ಟ್ರೈಲರಿನ ಬಟ್ಟಲು ಗುಂಡಿನಿಂದ ಎದ್ದು, ಮತ್ತೆ ಕೂರಲಿಲ್ಲ. ಟ್ರೈಲರಿನ ಹಿಂಭಾಗ ನೆಲಕ್ಕೆ ಬಡಿದು ರಸ್ತೆಯನ್ನು ಕೆರೆಯುತ್ತ ಹೋಯಿತು, ಏರು ಅದರ ವೇಗ ತಿಂದಿತು, ಕೊನೆಗೆ ಅದು ಹಿಂದಕ್ಕೆ ಜಾರಿ ಅಡ್ಡ ತಿರುಗಿ ಹೊಂಗೆ ಮರದ ಬುಡದ ಚರಂಡಿಗೆ ಒಂದು ಚಕ್ರ ಇಳಿಸಿ ನಿಂತಿತು. ಹಿಂದಿನ ಹಲಗೆ ಕಿತ್ತು ಬಿತ್ತು. ಚುಕ್ಕಿ ಮುಂಗಾಲು ಮಡಿಸಿ ಬಿದ್ದು, ಎದ್ದು, ಹಗ್ಗ ಸಡಿಲವಾದದ್ದು ತಿಳಿದು, ಬಸ್ಸಿನಿಂದ ಇಳಿಯುವವರ ಹಾಗೆ ಒಂದೊಂದೇ ಕಾಲು ಕೆಳಗಿಟ್ಟು ರಸ್ತೆಗೆ ಬಂತು.

ಭಾರ ಕಳಚಿಕೊಂಡ ಕಾರು ಏರನ್ನು ಒಂದೇ ಉಸಿರಿಗೆ ಹತ್ತಿತು.

"ನೋಡ್ದೇನ್ಲಾ ಅಪ್ಪು," ಎಂದ ರಘುನಂದನ್, "ಇಂಜಿನ್ ಅಂದ್ರೆ ಇದು. ಹಿಂದೆ ಹಸ ಐತೆ ಅನ್ನದೇ ಗೊತ್ತಾಯ್ತಿಲ್ಲ."

ಅಪ್ಪು ಆ ಮಾತನ್ನು ಅವನ ಮುಖದ ಸಮೇತ ಮೊಬೈಲಿನಲ್ಲಿ ಚೆನ್ನಾಗಿ ಹಿಡಿದುಕೊಂಡ. ಟ್ರೈಲರು ಕಾರಿಗಿಂತ ಸಪೂರವಿದ್ದದ್ದರಿಂದ ಪಕ್ಕದ ಕನ್ನಡಿಗಳಲ್ಲಿ ಅದು ಮೊದಲೂ ಕಂಡಿರಲಿಲ್ಲ, ಈಗಲೂ ಕಾಣಲಿಲ್ಲ.

ಚಿಕ್ಕಸ್ವಾಮಿ ಗಾಡಿ ನಿಲ್ಲಿಸಿ ಓಡಿಬಂದಾಗ ಬೆಟ್ಟಮ್ಮ ಹಸುವಿನ ಕೆಚ್ಚಲು ಮುಟ್ಟಿ ನೋಡುತ್ತಿದ್ದಳು. ಕಾಲು, ಗೊರಸು, ಕೊಂಬಿನ ಬುಡ, ಎಲ್ಲ ಸವರಿದಳು. ಚುಕ್ಕಿಗೆ ಮೊಣಕಾಲು ತರಚಿತ್ತು, ಅಷ್ಟೇ. ಬೆಟ್ಟಮ್ಮನ ಮಂಡಿಯಿಂದ ರಕ್ತ ಇಳಿದು ಹಿಮ್ಮಡಿಗೆ ಬಂದಿತ್ತು. ಅದನ್ನು ಚಿಕ್ಕಸ್ವಾಮಿ ತೋರಿಸಿದ ಮೇಲೆ ನೋಡಿಕೊಂಡಳು.

ಕಾರು ಏರಿನ ತುದಿಯಲ್ಲಿ ಮರೆಯಾಗಿತ್ತು. ಈಗ ಬರುತ್ತಾನೆ ಎಂದಳು ಬೆಟ್ಟಮ್ಮ. ಹಸುವನ್ನು ಹೊಂಗೆಯ ನೆರಳಿಗೆ ಕಟ್ಟಿ, ಮೈಲಿಗಲ್ಲಿನ ಮೇಲೆ ಕೂತಳು. ಚಿಕ್ಕಸ್ವಾಮಿ ನೀರು ತಂದುಕೊಟ್ಟ. ಅವಳು ಹಸುವಿಗೆ ಕುಡಿಸಿ, ಉಳಿದದ್ದರಲ್ಲಿ ಮಂಡಿ ತೊಳೆದುಕೊಂಡಳು. ಮುಂದೆ ಎಲ್ಲಾದರೂ ತಿರುಗಿಸಿಕೊಳ್ಳಲು ಜಾಗ ಬೇಕಲ್ಲ, ಅದಕ್ಕೇ ತಡ ಎಂದು ಅವಳೇ ಹೇಳಿದಳು. ಏರಿನ ಮೇಲಿಂದ ಬಸ್ಸು ಬಂತು, ಬೈಕುಗಳು ಬಂದವು, ಕಬ್ಬಿನ ಟ್ರಾಕ್ಟರು ಬಂತು. ಬೆಳ್ಳಗಿನ ಕಾರೊಂದು ಬಂದಾಗ ಎದ್ದು ನಿಂತಳು. ಅದು ಬೇರೆಯವರದು.

ಅವಳ ಮೊಬೈಲು ಶ್ವೇತಳ ಬ್ಯಾಗಿನಲ್ಲಿತ್ತು. ಚಿಕ್ಕಸ್ವಾಮಿ ಫ್ಲೆಕ್ಸಿನ ಮೇಲಿದ್ದ ನಂಬರು ನೋಡಿ ಫೋನು ಮಾಡಿದ. ಆ ಕಡೆಯಿಂದ ಕತ್ತರಿಸಿದರು. ಮತ್ತೆ ಮಾಡಿದ, ಮತ್ತೆ ಕತ್ತರಿಸಿದರು. ಆ ಹೊತ್ತಿಗೆ ಅಪ್ಪು ತನ್ನ ಮೊಬೈಲಿನ ಚಾರ್ಜು ಮುಗಿದು ಅಧ್ಯಕ್ಷರ ಮೊಬೈಲಿನಿಂದಲೇ ನೇರ ಪ್ರಸಾರ ಮಾಡುತ್ತಿದ್ದ. ಗುರುತಿಲ್ಲದ ನಂಬರೊಂದು ನಡುವೆ ಬಂದು ತೊಂದರೆ ಕೊಡುತ್ತಿತ್ತು.

ಬೆಟ್ಟಮ್ಮ ಮೈಲಿಗಲ್ಲಿನಿಂದ ಎದ್ದಳು. ಆಮೇಲೆ ಚಿಕ್ಕಸ್ವಾಮಿಯನ್ನು, ನಿನ್ನ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಕೆ.ಆರ್.ಪೇಟೆಗೆ ಎಂದ. ಅವಳ ತಂಗಿ ಪುಟ್ಟಲಕ್ಷ್ಮಮ್ಮನ ಮನೆ ಆ ತಾಲೂಕಿನ ಗೋವಿಂದನಹಳ್ಳಿಯಲ್ಲಿತ್ತು. ಬೇಕಿದ್ದರೆ ವಾಪಸ್ಸು ನಿಮ್ಮ ಊರಿಗೇ ಬಿಡುತ್ತೇನೆ ಎಂದು ಚಿಕ್ಕಸ್ವಾಮಿ ಹೇಳಿ ನೋಡಿದ.

"ಮನೆಗೋದ್ರೆ ನಾಳೆ ತಿರ್ಗ ಇದ್ರಲ್ಲೇ ಹತ್ತಿಸ್ತಾನೆ," ಎಂದಳು. "ತಂಗಿ ಮನೆಗೆ ಬುಟ್ಬುಡಪ್ಪ."

ರಸ್ತೆ ಬದಿಯ ದಿಬ್ಬಕ್ಕೆ ಗಾಡಿಯನ್ನು ಒತ್ತಿ ನಿಲ್ಲಿಸಿ ಚುಕ್ಕಿಯನ್ನು ಹತ್ತಿಸಿದರು. ಈ ಸಲ ಅದು ಹೋಗುವ ದಿಕ್ಕು ನೋಡಿಕೊಂಡು ನಿಂತಿತು. ಚಿಕ್ಕಸ್ವಾಮಿ ಬೆಟ್ಟಮ್ಮನಿಗೆ ಮುಂದೆ ತನ್ನ ಪಕ್ಕದ ಸೀಟು ಒರೆಸಿಕೊಟ್ಟ.

ಪಾಂಡವಪುರದ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬೇರೆ ಸಂಘಗಳ ಪದಾಧಿಕಾರಿಗಳು ಹಾರ ಹಿಡಿದು ನಿಂತಿದ್ದರು. ರಘುನಂದನ್ ಕಾರನ್ನು ಜನರ ನಡುವೆ ತಂದು ನಿಲ್ಲಿಸಿ, ಇಳಿದು, ಹಿಂದಕ್ಕೆ ತಿರುಗದೆ ಕೈ ಮುಗಿದ. ಅಪ್ಪು ಎದುರು ನಿಂತು ಮೊಬೈಲು ಎತ್ತಿದ. ಹಾರ ಬಿದ್ದ ಮೇಲೆ ರಘುನಂದನ್ ನಾಲ್ಕು ಮಾತಾಡಿದ. ಜಾನುವಾರನ್ನು ಕುರಿಯಂತೆ ತುಂಬಿ ತರುವ ಕಾಲ ಹೋಯಿತು, ಅವಕ್ಕೂ ಗೌರವವಿದೆ, ಸುರಕ್ಷಿತವಾಗಿ ಹೇಗೆ ತರಬೇಕೆಂದು ನಮ್ಮ ಜಿಲ್ಲೆಗೇ ಒಂದು ಮಾದರಿ ತಂದಿದ್ದೇನೆ ಎಂದು, ಕೈಯನ್ನು ಹಿಂದಕ್ಕೆ ಬೀಸಿ ತೋರಿಸಿದ.

ಎಲ್ಲರೂ ಅವನ ಕೈ ಹೋದ ಕಡೆ ನೋಡಿದರು. ಕಾರಿನ ಹಿಂದೆ ಹೊಳೆಯುವ ಕಬ್ಬಿಣದ ಗುಂಡೊಂದು ಇತ್ತು. ಇದೇ ಮಾದರಿ ಇರಬಹುದೆಂದು ಹಿಂದಿನ ಸಾಲಿನ ಒಬ್ಬ ಚಪ್ಪಾಳೆ ತಟ್ಟಿದ.

"ಟ್ರೈಲರ್ ಎಲ್ಲಿ?" ಎಂದ ರಘುನಂದನ್.

"ಅತ್ತೆ ಎಲ್ಲಿ?" ಎಂದಳು ಶ್ವೇತ.

ಎರಡು ಪ್ರಶ್ನೆಯೂ ಒಟ್ಟಿಗೇ ಬಂದವು. ಪ್ರಸಾರ ನಿಲ್ಲಿಸಬೇಕೆಂದು ಅಪ್ಪುವಿಗೆ ಹೊಳೆಯದ ಕಾರಣ ಎರಡನ್ನೂ ಊರು ಕೇಳಿಸಿಕೊಂಡಿತು.

ಬಂದ ದಾರಿಯಲ್ಲೇ ವಾಪಸ್ಸು ಹೋದರು. ಪ್ರತಿ ತಿರುವಿನಲ್ಲೂ ಶ್ವೇತ ಕಿಟಕಿಯಿಂದ ತಲೆ ಹೊರಗೆ ಹಾಕಿ ಚರಂಡಿ ನೋಡುತ್ತ ಬಂದಳು. ಏರಿನ ಕೆಳಗೆ ಟ್ರೈಲರು ಕಂಡಿತು, ಖಾಲಿ. ರಸ್ತೆಯ ಮೇಲೆ ಉದ್ದಕ್ಕೆ ಕೆರೆದ ಗುರುತು, ತುಳಿದ ಹೂವು, ಮೈಲಿಗಲ್ಲಿನ ಮೇಲೆ ಒಣಗಿದ ರಕ್ತ. ಅದನ್ನು ನೋಡಿ ಶ್ವೇತ ಅತ್ತೆಯನ್ನು ಕೂಗುತ್ತ ಚರಂಡಿಗೆ ಇಳಿದಳು. ಎಳನೀರು ಮಾರುವವನೊಬ್ಬ ಬಂದು, ಹೆಂಗಸೊಬ್ಬಳು ಹಸುವನ್ನು ಗೂಡ್ಸ್ ಗಾಡಿಗೆ ಹತ್ತಿಸಿಕೊಂಡು ಹೋದಳು, ಚೆನ್ನಾಗೇ ಇದ್ದಳು ಎಂದ ಮೇಲೆ ಅವಳಿಗೆ ಉಸಿರು ಬಂತು.

ರಘುನಂದನನಿಗೆ ಬೇರೆ ಯೋಚನೆ ಬಂತು. ಯಾರೋ ಹಸುವನ್ನು ಹೊಡೆದುಕೊಂಡು ಹೋಗಿದ್ದಾರೆ, ಪೊಲೀಸಿಗೆ ಹೇಳೋಣ ಎಂದ. ಸ್ಪರ್ಧೆಗೆ ಹೋಗಲಾಗದ್ದಕ್ಕೆ ಅದಕ್ಕಿಂತ ಮರ್ಯಾದೆಯ ಕಾರಣ ಸಿಗುವಂತಿರಲಿಲ್ಲ.

"ಏನಂತ ಬರಸ್ತೀರಿ?" ಎಂದು ಶ್ವೇತ ಕೇಳಿದಳು. "ಹೆತ್ತವ್ವನ್ನ ದಾರೀಲಿ ಬೀಳಿಸ್ಕಂಡು, ಗೊತ್ತಾಗ್ದೆ ಹೋಗಿ ಹಾರ ಹಾಕಿಸ್ಕಂಡೆ ಅಂತಲಾ?"

ಅವನ ಮೊಬೈಲಿನಲ್ಲಿದ್ದ ಗುರುತಿಲ್ಲದ ನಂಬರಿಗೆ ಅವಳೇ ಫೋನು ಮಾಡಿದಳು. ಚಿಕ್ಕಸ್ವಾಮಿ ಎತ್ತಿ, ಬೆಟ್ಟಮ್ಮನ ಕೈಗೆ ಕೊಟ್ಟ. ಅತ್ತೆ ಸೊಸೆ ಮಾತಾಡಿ, ಇಬ್ಬರೂ ಸ್ವಲ್ಪ ಅತ್ತರು. ರಘುನಂದನ್ ಫೋನು ಕಿತ್ತುಕೊಂಡು, ಹೆಸರು ಕೂಗಲು ಇನ್ನೂ ಸಮಯವಿದೆ, ಅದೇ ಗಾಡಿಯಲ್ಲಿ ಪಾಂಡವಪುರಕ್ಕೆ ಬಂದುಬಿಡಲಿ ಎಂದ. ಚುಕ್ಕಿ ಬೆದರಿದೆ, ಇವತ್ತು ಹಾಲು ಇಳಿಸುವುದಿಲ್ಲ ಎಂದಳು ತಾಯಿ. ಅವನು ಮತ್ತೂ ಒತ್ತಾಯಿಸಿದ.

"ಒಂದ್ಮಾತು ಕೇಳ್ತೀನಿ," ಎಂದಳು ಬೆಟ್ಟಮ್ಮ. "ನಾವು ಕಳಚ್ಕಂಡಾಗ ಗಾಡಿ ಹಗುರಾಗಿದ್ದು ನಿಂಗೆ ಗೊತ್ತಾಗ್ನಿಲ್ವಾ?"

ಗೊತ್ತಾಗಿತ್ತು. ಅದಕ್ಕೆ ಅವನು ಏನೆಂದಿದ್ದನೆಂಬುದೂ ಊರಿಗೆಲ್ಲ ಗೊತ್ತಿತ್ತು. ಅವನು ಫೋನನ್ನು ಹೆಂಡತಿಗೆ ಕೊಟ್ಟ.

ಬೆಟ್ಟಮ್ಮ ಒಂದೆರಡು ದಿನದಲ್ಲಿ ಬರುತ್ತಾಳೆಂದು ಅವನು ಅಂದುಕೊಂಡಿದ್ದ. ಅವಳು ಬರಲಿಲ್ಲ. ಪುಟ್ಟಲಕ್ಷ್ಮಮ್ಮನ ಮನೆಯ ಹಿತ್ತಿಲಿನಿಂದ ಹಳೆಯ ದೇವಸ್ಥಾನದ ಬೆನ್ನು ಕಾಣುತ್ತಿತ್ತು. ಅದರಾಚೆ ಕಾಲುವೆ ನೀರಿನ ಹಸಿ ಹುಲ್ಲು. ಚುಕ್ಕಿಗೆ ಆ ಹುಲ್ಲು ಒಗ್ಗಿತು. ಅಲ್ಲಿನ ಹೆಂಗಸರ ಹಾಲಿನ ಸಂಘದವರು ಬೆಟ್ಟಮ್ಮನ ಹೆಸರು ಬರೆದುಕೊಂಡರು. ಇಷ್ಟು ವರ್ಷ ಕ್ಯಾನು ಹೊತ್ತವಳಿಗೆ ಹಾಲಿನ ಚೀಟಿಯ ಮೇಲೆ ತನ್ನ ಹೆಸರು ಕಂಡದ್ದು ಅದೇ ಮೊದಲು. ಓದಲು ಬಾರದಿದ್ದರೂ ಅದನ್ನು ತಂಗಿಯ ಹತ್ತಿರ ಓದಿಸಿ ಕೇಳಿದಳು.

ಇತ್ತ ರಘುನಂದನನ ಲೆಕ್ಕದಲ್ಲಿ ಹಾಲು ನಿಂತುಹೋಯಿತು. ಹಾಲು ಹಾಕದವನು ಆ ಸಂಘದಲ್ಲಿ ಸದಸ್ಯನಾಗಿಯೂ ಉಳಿಯುವಂತಿರಲಿಲ್ಲ, ಅಧ್ಯಕ್ಷಗಿರಿ ದೂರದ ಮಾತು. ಕೆಲವು ದಿನ ಪಕ್ಕದ ಮನೆಯ ಹಾಲು ತಂದು ತನ್ನ ಹೆಸರಿಗೆ ಹಾಕಿಸಿದ. ಪಕ್ಕದ ಮನೆಯವರಿಗೂ ಅಧ್ಯಕ್ಷರಾಗುವ ಆಸೆ ಇತ್ತಾದ್ದರಿಂದ ಅದು ಬಹಳ ದಿನ ನಡೆಯಲಿಲ್ಲ. ಊರ ಹಿರಿಯರನ್ನು ಗೋವಿಂದನಹಳ್ಳಿಗೆ ಕಳಿಸಿದ. ಅವರು ಕಾಫಿ ಕುಡಿದು, ಹಸು ನೋಡಿ, ಬೆಟ್ಟಮ್ಮ ಮೈ ತುಂಬಿಕೊಂಡಿದ್ದಾಳೆ ಎಂದು ಬಂದು ಹೇಳಿದರು.

ವಾರ್ಷಿಕ ಸಭೆ ಹತ್ತಿರವಾದಾಗ ಅವನೇ ಹೋದ. ಬೆಟ್ಟಮ್ಮ ಹಿತ್ತಿಲಲ್ಲಿ ಹುಲ್ಲು ಕತ್ತರಿಸುತ್ತಿದ್ದಳು. ಮಣೆಯ ಮೇಲೆ ಒಂದು ಕಾಲು ನೀಡಿಕೊಂಡು ಕೂತಿದ್ದಳು, ಆ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ಅವನು ಸಂಘದ ಮಾನದ ಬಗ್ಗೆ ಮಾತಾಡಿದ, ವಿರೋಧಿಗಳ ಪಿತೂರಿಯ ಬಗ್ಗೆ ಮಾತಾಡಿದ, ಚುಕ್ಕಿಯನ್ನು ಸಭೆಯವರೆಗಾದರೂ ಕಳಿಸು ಎಂದ. ಟ್ರೈಲರಿಗೆ ಈಗ ಸರಿಯಾದ ಬಟ್ಟಲು ಹಾಕಿಸಿದ್ದೇನೆ, ಸರಪಳಿಯನ್ನೂ ಬಿಗಿದಿದ್ದೇನೆ ಎಂದೂ ಹೇಳಿದ. ಅವಳು ಕತ್ತರಿಸುವುದನ್ನು ನಿಲ್ಲಿಸದೆ ಎಲ್ಲ ಕೇಳಿದಳು.

"ಚುಕ್ಕಿ ಸುದ್ದಿ ಕೇಳ್ದೆ, ಟ್ರೈಲರ್ ಸುದ್ದಿ ಹೇಳ್ದೆ," ಎಂದಳು. "ಈ ಮಂಡಿಗೆ ಏನಾಯ್ತವ್ವ ಅಂತ ಕೇಳಕ್ಕೆ ಬಂದಿದ್ರೆ ಹಸ ಹೊಡ್ಕಂಡೇ ಹೋಗ್ತಿದ್ದೆಯೇನೋ."

ಅವನು ಕೂಡಲೇ ಮಂಡಿಗೆ ಏನಾಯಿತವ್ವ ಎಂದು ಕೇಳಿದ. ಬೆಟ್ಟಮ್ಮನಿಗೆ ನಗು ಬಂತು. ಊಟ ಮಾಡಿಕೊಂಡು ಹೋಗು ಎಂದು ಒಳಗೆದ್ದಳು. ಅವನು ಮುದ್ದೆ ಉಂಡು ಬರಿಗೈಯಲ್ಲಿ ಹಿಂದಿರುಗಿದ.

ಅಧ್ಯಕ್ಷಗಿರಿ ಪಕ್ಕದ ಮನೆಗೆ ಹೋಯಿತು. ಕಾರಿನ ಗಾಜಿನ ಮೇಲಿನ ಹುದ್ದೆಯ ಸಾಲನ್ನು ಅವನು ಬ್ಲೇಡಿನಿಂದ ಕೆರೆದ. ಫೋಟೊ ಹಾಗೇ ಉಳಿಯಿತು. ಆದರೆ ಹುದ್ದೆ ಹೋದರೂ ಮೈಕು ಹೋಗಲಿಲ್ಲ. ಅಪ್ಪು ಪ್ರಸಾರ ಮಾಡಿದ್ದ ವಿಡಿಯೊ ನೋಡಿದ ಶ್ರೀರಂಗಪಟ್ಟಣದ ಒಂದು ಡ್ರೈವಿಂಗ್ ಶಾಲೆಯವರು, ಅನುಭವಸ್ಥರು ಹೇಳಿದರೆ ಜನ ಕೇಳುತ್ತಾರೆಂದು, ರಸ್ತೆ ಸುರಕ್ಷತೆಯ ಕಾರ್ಯಕ್ರಮಕ್ಕೆ ಅವನನ್ನೇ ಅತಿಥಿಯಾಗಿ ಕರೆದರು. ಅವನು ಚೆನ್ನಾಗಿ ತಯಾರಾಗಿ ಹೋದ. ಅಂದು ಓಡಿಸಿಬಿಟ್ಟಿದ್ದ ವಿದೇಶಿಯವನ ವಿಡಿಯೊವನ್ನು ಈ ಸಲ ಪೂರ್ತಿ ನೋಡಿಕೊಂಡಿದ್ದ. ಬಟ್ಟಲು ಗುಂಡಿನ ಅಳತೆಗೇ ಇರಬೇಕು, ಸರಪಳಿ ಅಡ್ಡಡ್ಡ ಹಾಕಬೇಕು, ಭಾರ ಮುಂದಕ್ಕೆ ಸ್ವಲ್ಪ ಹೆಚ್ಚಿರಬೇಕು, ದೀಪ ಉರಿಯಬೇಕು, ಹೊರಟ ಸ್ವಲ್ಪ ದೂರಕ್ಕೆ ಒಮ್ಮೆ ನಿಲ್ಲಿಸಿ ಇಳಿದು ಎಲ್ಲ ಮುಟ್ಟಿ ನೋಡಬೇಕು ಎಂದು ವಿವರಿಸಿದ. ಒಂದು ಮಾತೂ ತಪ್ಪಿರಲಿಲ್ಲ. ತನಗಾದ ಅಪಘಾತವನ್ನೂ ಮುಚ್ಚಿಡದೆ ಹೇಳಿದ. ಟ್ರೈಲರಿನಲ್ಲಿ ಬಹುಮಾನ ಗೆಲ್ಲಬೇಕಾಗಿದ್ದ ಹಸು ಇತ್ತು, ದೇವರ ದಯೆ, ಅದಕ್ಕೆ ಏನೂ ಆಗಲಿಲ್ಲ ಎಂದು ಕೈ ಮುಗಿದ. ಜನ ಮರುಗಿದರು. ಟ್ರೈಲರಿನಲ್ಲಿ ಇನ್ನೂ ಒಬ್ಬರಿದ್ದರೆಂದು ಕೇಳುತ್ತ ಕೂತ ಆ ಜನರಿಗೆ ತಿಳಿಯಲಿಲ್ಲ.

ಶ್ವೇತಳನ್ನೂ ಕರೆದಿದ್ದರು. ಅವಳು ಆ ದಿನ ಅತ್ತೆಯ ಮಂಡಿಯನ್ನು ಕೆ.ಆರ್.ಪೇಟೆಯ ಡಾಕ್ಟರಿಗೆ ತೋರಿಸುವುದಿದೆ ಎಂದು ಹೇಳಿ, ಬೆಳಗಿನ ಬಸ್ಸು ಹತ್ತಿದ್ದಳು.